ಕಷ್ಟದ ಆಟ ಬೇಕು, ಮೋಸದ ಆಟ ಬೇಡ



ವಿಡಿಯೋ ಗೇಮ್ ಅಂದ ಕೂಡಲೇ ದೊಡ್ಡವರು "ಕಣ್ಣೂ ಹಾಳು, ಓದೂ ಹಾಳು" ಅಂತಾರೆ. ಅದರಲ್ಲಿ ಸತ್ಯ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಎಲ್ಲಾ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ನಾನು ಬರೆಯುತ್ತಿರುವುದು ಮಾರಿಯೋ ಜಾತಿಯ ಆಟಗಳ ಬಗ್ಗೆ. ಓಡುವುದು, ಹೊಂಡ ಹಾರುವುದು, ಮೇಲಿನ ಕಟ್ಟೆಗೆ ನೆಗೆಯುವುದು, ಇಷ್ಟೇ. ಇವಕ್ಕೆ 'ಪ್ಲಾಟ್‌ಫಾರ್ಮ್ ಗೇಮ್' ಅಂತ ಹೆಸರು. 1985ರಲ್ಲಿ ಜಪಾನಿನ ನಿಂಟೆಂಡೊ ಕಂಪೆನಿ 'ಸೂಪರ್ ಮಾರಿಯೋ ಬ್ರದರ್ಸ್' ಆಟವನ್ನು ತಂದಿತು. 1990ರ ದಶಕದಲ್ಲಿ ಅದನ್ನು ಆಡಿಸುವ ನಕಲು ಪೆಟ್ಟಿಗೆಗಳು ನಮ್ಮ ದೇಶದ ಪೇಟೆಗಳಿಗೂ ಬಂದವು. ಟಿವಿಗೆ ವಯರ್ ಸಿಕ್ಕಿಸಿ, ಕ್ಯಾಸೆಟ್ ಹಾಕಿ ಆಡುತ್ತಿದ್ದರು. ಮಾರಿಯೋದಲ್ಲಿ 8 ಲೋಕ, ಒಂದೊಂದರಲ್ಲಿ 4 ಹಂತ, ಒಟ್ಟು 32. ಶುರುವಿನಲ್ಲಿ ಸಿಗುವುದು 3 ಜೀವ. ಎಲ್ಲಿಯವರೆಗೆ ಆಡಿದ್ದೇವೆ ಅಂತ ಆ ಕ್ಯಾಸೆಟ್ ನೆನಪಿಟ್ಟುಕೊಳ್ಳುವುದಿಲ್ಲ. ಏಳನೇ ಲೋಕದಲ್ಲಿರುವಾಗ ಕರೆಂಟ್ ಹೋಯಿತೋ, ಮತ್ತೆ ಒಂದರಿಂದ! ಪುಷ್ಯ ಮಳೆಯಲ್ಲಿ ನಮ್ಮೂರ ಕರೆಂಟಿನ ಕಥೆ ನಿಮಗೇ ಗೊತ್ತಲ್ಲ.

ಇಷ್ಟು ಕಷ್ಟ ಎಂತಕ್ಕೆ? ಕಾರಣ ಉಂಟು. ಆ ಇಡೀ ಆಟ ಬರೀ 40 ಕಿಲೋಬೈಟಿನಷ್ಟು. ಈಗ ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅಷ್ಟು ಚಿಕ್ಕ ಆಟ ಸುಲಭವಾಗಿದ್ದರೆ ಬೇಗ ಮುಗಿದು ಬೇಜಾರು ಬರುತ್ತಿತ್ತು. ಇನ್ನು ದೊಡ್ಡ ಪೇಟೆಗಳ ಆಟದಂಗಡಿಯಲ್ಲಿ ನಾಣ್ಯ ಹಾಕಿ ಆಡಬೇಕಿತ್ತು. ಬೇಗ ಸತ್ತರೆ ಇನ್ನೊಂದು ನಾಣ್ಯ! ಅಂದರೆ ಕಷ್ಟವೂ ಒಂದು ವ್ಯಾಪಾರ.

ಕೆಲವು ಆಟಗಳು ಮೋಸವನ್ನೂ ಮಾಡಿದವು. 1985ರ 'ಘೋಸ್ಟ್ಸ್ ಅಂಡ್ ಗಾಬ್ಲಿನ್ಸ್' ಕೊನೆಯವರೆಗೆ ಗೆದ್ದು ಬಂದವನಿಗೆ ಇದೆಲ್ಲ ಮಾಯೆ ಅಂತ ಹೇಳಿ ಮತ್ತೆ ಮೊದಲಿಗೆ ಕಳಿಸುತ್ತದೆ. 1986ರಲ್ಲಿ ಜಪಾನಿನಲ್ಲಿ ಬಂದ ಎರಡನೇ ಮಾರಿಯೋದಲ್ಲಿ ವಿಷದ ಅಣಬೆ ಇಟ್ಟರು. (ನಮ್ಮ ಕಡೆ ಅಣಬೆ ಹುಡುಕುವವರಿಗೆ ಇದೇನೂ ಹೊಸತಲ್ಲ!) ತೀರಾ ಕಷ್ಟ ಅಂತ ಆಗ ಅದನ್ನು ಅಮೆರಿಕದಲ್ಲಿ ಮಾರಲೇ ಇಲ್ಲ.

ಹಾಗಾದರೆ ಒಳ್ಳೆಯ ಕಷ್ಟ ಯಾವುದು? 2018ರಲ್ಲಿ ಬಂದ 'ಸೆಲೆಸ್ಟ್' ನೋಡಿ. ಚಿತ್ರ ಎಲ್ಲ ಹಳೇ ಕಾಲದ ಆಟದ ಹಾಗೆ ಚೌಕ ಚೌಕ. ಒಬ್ಬ ಹುಡುಗಿ ಬೆಟ್ಟ ಹತ್ತುವುದೇ ಕಥೆ. ಕಷ್ಟ ಅಂದರೆ ಕಷ್ಟ, ನೂರಾರು ಸಲ ಸಾಯಬೇಕು. ಆದರೆ ಸತ್ತ ಕೂಡಲೇ ಅದೇ ಜಾಗದ ಹತ್ತಿರ ಎದ್ದು ನಿಲ್ಲುತ್ತಾಳೆ. ಜೀವದ ಲೆಕ್ಕ ಇಲ್ಲ, ಬೈಗುಳ ಇಲ್ಲ. ಕಟ್ಟೆಯ ಅಂಚು ದಾಟಿ ಒಂದು ಚೂರು ತಡವಾಗಿ ಹಾರಿದರೂ ಆಟ ಗುಟ್ಟಾಗಿ ಒಪ್ಪಿಕೊಳ್ಳುತ್ತದೆ. ತೀರಾ ಆಗದವರಿಗೆ ವೇಗ ಕಡಿಮೆ ಮಾಡುವ ದಾರಿಯನ್ನೂ ಇಟ್ಟಿದ್ದಾರೆ. ಕಷ್ಟ ಇದೆ, ದಯೆಯೂ ಇದೆ.

ಈಗ ಮೊಬೈಲಿನಲ್ಲಿ ಪುಕ್ಕಟೆ ಸಿಗುವ ಎಷ್ಟೋ ಆಟಗಳಲ್ಲಿ ಹಾಗಲ್ಲ. ಜೀವ ಮುಗಿದರೆ ಅರ್ಧ ಗಂಟೆ ಕಾಯಿ, ಇಲ್ಲಾ ಜಾಹೀರಾತು ನೋಡು, ಇಲ್ಲಾ ದುಡ್ಡು ಕೊಡು. ಹಳೇ ನಾಣ್ಯದ ಪೆಟ್ಟಿಗೆಯೇ ವೇಷ ಹಾಕಿಕೊಂಡು ನಮ್ಮ ಜೇಬಿಗೆ ಬಂದಿದೆ. ಅಲ್ಲಿ ಗೆಲ್ಲಲು ಕಲಿಯಬೇಕಾಗಿಲ್ಲ, ದುಡ್ಡಿದ್ದರೆ ಸಾಕು. ಇಂಥ ಆಟ ನಮಗೆ ಬೇಡ.

ಒಳ್ಳೆಯ ಆಟಕ್ಕೂ ಒಂದು ದೋಷ ಇದೆ. "ಇನ್ನೊಂದೇ ಸಲ" ಅಂತ ಕೂತರೆ ರಾತ್ರಿಯಾದರೂ ಏಳಲು ಮನಸ್ಸು ಬರುವುದಿಲ್ಲ. ಆದ್ದರಿಂದ ಹೊತ್ತು ಗೊತ್ತು ಇರಲೇಬೇಕು.

ಆದರೂ ಒಂದು ಮಾತು ಕೇಳಿ. ಒಂದು ಹೊಂಡ ಹಾರಲು ಐವತ್ತು ಸಲ ಸಾಯುವ ಹುಡುಗರೇ ಬೀಜಗಣಿತದಲ್ಲಿ ಎರಡು ಸಲ ತಪ್ಪಾದರೆ "ಲೆಕ್ಕ ನನಗಲ್ಲ ಮಾರಾಯ" ಅಂತ ಪುಸ್ತಕ ಮುಚ್ಚುತ್ತಾರೆ. ಅವರು ಸೋಮಾರಿಗಳಾ? ಹಾಗಿದ್ದರೆ ಐವತ್ತು ಸಲ ಹಾರುತ್ತಿರಲಿಲ್ಲ. ಆಟದಲ್ಲಿ ತಪ್ಪು ಎಲ್ಲಾಯಿತು ಅಂತ ಆಗಲೇ ಗೊತ್ತಾಗುತ್ತದೆ, ಆಗಲೇ ಇನ್ನೊಂದು ಅವಕಾಶ ಸಿಗುತ್ತದೆ, ಯಾರೂ ನಗುವುದಿಲ್ಲ. ಲೆಕ್ಕದಲ್ಲಿ ಕೆಂಪು ಗೆರೆ ಬೀಳುವಷ್ಟರಲ್ಲಿ ಮುಂದಿನ ಪಾಠ ಶುರುವಾಗಿರುತ್ತದೆ.

ಮಳೆಗಾಲದಲ್ಲಿ ಕಾಲುಸಂಕ ದಾಟುವಾಗ ಎರಡನೇ ಅವಕಾಶ ಇಲ್ಲ. ವಾರ್ಷಿಕ ಪರೀಕ್ಷೆಯ ದಿನವೂ ಹೆಚ್ಚುಕಡಿಮೆ ಹಾಗೇ. ಅದಕ್ಕೇ ಧೈರ್ಯವಾಗಿ ಬಿದ್ದು ಕಲಿಯುವ ಜಾಗ ಒಂದು ಬೇಕು. ಅದು ತರಗತಿಯೇ ಆದರೆ ಎಷ್ಟು ಚೆನ್ನ!

ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ: ತಪ್ಪಾದ ಲೆಕ್ಕವನ್ನು ಅದೇ ವಾರ ಇನ್ನೊಮ್ಮೆ ಮಾಡಲು ಬಿಡಿ, ಎರಡನೇ ಸಲ ಸರಿಯಾದರೆ ಅದಕ್ಕೂ ಅಂಕ ಕೊಡಿ. ಸಹಪಾಠಿಗಳೇ, ನೀವೂ ಬೋರ್ಡಿನ ಮುಂದೆ ತಡವರಿಸುವವರನ್ನು ನೋಡಿ ನಗಬೇಡಿ. ನನ್ನ ಮಾತು ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆಯಿರಿ, ಓದಲು ಕಾದಿರುತ್ತೇನೆ.


ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ, ಭಂಡಿಗಡಿ