ಚೊಚ್ಚಲು ಆಲ್ಬಂ, ನೆಂಟರ ಮಾತು



ಈ ಸಲ ಕೊಡಗಿನ ಶಿರಂಗಾಲದಿಂದ ಸೋದರಿಯೊಬ್ಬರ ಕಾಗದ ಬಂದಿದೆ. ಕಾವೇರಿ ದಡದ ಊರು ಅದು; ಕೊಡಗು ಅಲ್ಲಿ ಮುಗಿದು ಹಾಸನ ಜಿಲ್ಲೆ ಶುರುವಾಗುತ್ತದೆ. ಅವರ ಮಗಳಿಗೆ ಇಪ್ಪತ್ತೆರಡು ವರ್ಷ. ಮೈಸೂರಿನಲ್ಲಿ ಓದುವಾಗ ಗಿಟಾರ್ ಕಲಿತಳು. ಗೆಳತಿಯರ ಜೊತೆ ಸೇರಿ, ಹಾಡುವ ದನಿ ಇಲ್ಲದೆ ಬರೀ ಗಿಟಾರ್‌ನಲ್ಲೇ ಆರು ಧಾಟಿ ನುಡಿಸಿ ರೆಕಾರ್ಡು ಮಾಡಿದ್ದಾಳೆ. ಅವಳ ಮೊದಲ ಆಲ್ಬಂ. ಜಾಝ್ ಸಂಗೀತದ ಮೆಲು ಬಗೆ, ಅಬ್ಬರವಿಲ್ಲದ್ದು. ಮೊಬೈಲಿನಲ್ಲಿ ನೆಂಟರಿಗೆಲ್ಲ ಹೋಯಿತು. ಆಮೇಲೆ ಏನಾಯಿತು ಅನ್ನೋದನ್ನ ತಾಯಿಯ ಮಾತಿನಲ್ಲೇ ಕೇಳಿ:

"ಅಕ್ಕಾ, ಅವರ ದೊಡ್ಡಪ್ಪ 'ಇದು ಹೋಟೆಲಲ್ಲಿ ಹಾಕೋ ಸಂಗೀತ, ಬರೀ ನಯ, ಸತ್ವ ಇಲ್ಲ' ಅಂದರು. ಅತ್ತಿಗೆ ಅರ್ಧ ನಿಮಿಷ ಕೇಳಿ 'ಸೂಪರ್' ಅಂದುಬಿಟ್ಟರು. ಸಂಗೀತದ ಮೇಷ್ಟ್ರು 'ಗಮಕ ಎಲ್ಲಿದೆ?' ಅಂತ ಕೇಳಿದರು. ಅಜ್ಜಿಗೆ ಕೇಳ್ತಾ ಕೇಳ್ತಾ ನಿದ್ದೆ ಬಂತು. ಪಕ್ಕದ ಮನೆಯಾಕೆ ಮುಸುಕಿನ ಜೋಳ ಬಿಡಿಸುತ್ತಾ ಕೇಳಿ, 'ಎರಡನೇದರಲ್ಲಿ ನಡುವೆ ಒಂದು ಕಡೆ ಸುಮ್ಮನಾಗ್ತಾಳಲ್ಲ, ಮತ್ತೆ ಶುರುವಾದಾಗ ಗಂಟಲು ಕಟ್ಟಿದ ಹಾಗಾಯ್ತು. ಆದರೆ ಆರನೇದು ಎರಡನೇದರ ಹಾಗೇ ಇದೆ' ಅಂದಳು. ಈಗ ಒಂದು ತಿಂಗಳಿಂದ ಗಿಟಾರ್ ಅಟ್ಟದ ಮೇಲಿದೆ. ಯಾರ ಮಾತು ನಂಬಲಿ?"

ತಂಗೀ, ನಿಮ್ಮ ಪ್ರಶ್ನೆ ನಿಮ್ಮೊಬ್ಬರದೇ ಅಲ್ಲ. ಈಗ ಮನೆಮನೆಯಲ್ಲೂ ಮಕ್ಕಳು ಹಾಡಿ, ನುಡಿಸಿ ರೆಕಾರ್ಡು ಮಾಡುತ್ತಾರೆ. ಕೇಳುಗರು ನಾವೇ. ನಾವಾಡುವ ಒಂದು ಮಾತಿಗೆ ಒಂದು ವಾದ್ಯ ಅಟ್ಟ ಸೇರಬಹುದು. ಹಾಗಾಗಿ ಒಬ್ಬೊಬ್ಬರ ಅಭಿಪ್ರಾಯವನ್ನೂ ಸ್ವಲ್ಪ ತೂಗಿ ನೋಡೋಣ, ಬನ್ನಿ.

ಮೊದಲು ದೊಡ್ಡಪ್ಪನವರ ಮಾತು. 'ಬರೀ ನಯ' ಅನ್ನುವ ಆರೋಪ ಹಳೆಯದು. ನಮ್ಮ ಕನ್ನಡದಲ್ಲೇ ನೋಡಿ. 'ಲೈಟ್ ಮ್ಯೂಸಿಕ್' ಅನ್ನುವುದನ್ನು ನಾವು ಸುಗಮ ಸಂಗೀತ ಎಂದು ಕರೆದುಕೊಂಡೆವು. 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆ. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದೇ ಅದಕ್ಕೆ ಹೆಸರು. ಓದಬೇಕಾದ ಕವಿತೆ ರಾಗದಲ್ಲಿ ಕರಗಿಹೋಗುತ್ತದೆ ಅನ್ನುವವರು ಒಂದು ಕಡೆ, ಶಾಸ್ತ್ರೀಯದ ಮುಂದೆ ಇದು ಹಗುರ ಅನ್ನುವವರು ಇನ್ನೊಂದು ಕಡೆ; ಸುಗಮ ಸಂಗೀತಕ್ಕೆ ಈ ಎರಡು ಮಾತೂ ತಪ್ಪಿದ್ದಲ್ಲ. ಆದರೆ ಪುಸ್ತಕದಂಗಡಿಗೆ ಕಾಲಿಡದ ಎಷ್ಟೋ ಮನೆಗಳ ಅಡುಗೆಕೋಣೆಗೆ ಕವಿತೆ ಬಂದದ್ದು ಇಂಥ ಕ್ಯಾಸೆಟ್ಟುಗಳಿಂದ.

ಅನಂತಸ್ವಾಮಿಯವರು 1995ರಲ್ಲಿ ತೀರಿಕೊಂಡರು. ಕುವೆಂಪು ಅವರ ನಾಡಗೀತೆಯನ್ನು ಅವರ ಧಾಟಿಯಲ್ಲೇ, ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಗೊತ್ತುಮಾಡಿತು. ಅದು ಒಪ್ಪಿಗೆಯಾಗದೆ ಹೈಕೋರ್ಟಿನವರೆಗೂ ಹೋದವರಿದ್ದಾರೆ. ಧಾಟಿಯ ವಿಷಯದಲ್ಲಿ ಕೇಳುಗರ ಜಗಳ ಅಷ್ಟು ಗಟ್ಟಿ! ಹಗುರ ಅನ್ನಿಸಿಕೊಂಡ ಸಂಗೀತದವರು ಕಟ್ಟಿದ ಧಾಟಿಗೆ ಇವತ್ತು ಶಾಲೆಯ ಮಕ್ಕಳು ಎದ್ದು ನಿಲ್ಲುತ್ತಾರೆ, ನೋಡಿ.

ಇನ್ನು ನಿಮ್ಮ ಮಗಳ ವಾದ್ಯಕ್ಕೇ ಬರೋಣ. ಅಮೆರಿಕದ ಜಾಝ್ ಗಿಟಾರ್ ವಾದಕ ವೆಸ್ ಮಾಂಟ್ಗೋಮರಿ ಹುಟ್ಟಿದ್ದು 1923ರಲ್ಲಿ. ಹಗಲು ಕಾರ್ಖಾನೆ ಕೆಲಸ, ರಾತ್ರಿ ಗಿಟಾರ್. ಮನೆತುಂಬ ಮಕ್ಕಳು. ತಂತಿ ಮೀಟಲು ಎಲ್ಲರೂ ಚಿಕ್ಕ ಬಿಲ್ಲೆ ಹಿಡಿಯುತ್ತಿದ್ದರೆ ಈತ ಬರಿಯ ಹೆಬ್ಬೆರಳಲ್ಲಿ ನುಡಿಸಿದ. ಸದ್ದು ಮೆಲ್ಲಗಾದರೆ ನೆರೆಯವರ ನಿದ್ದೆ ಕೆಡುವುದಿಲ್ಲ ಅಂತ ಹಾಗೆ ಶುರುಮಾಡಿದನಂತೆ! ಆ ಮೃದುವಾದ ನಾದವೇ ಕೊನೆಗೆ ಆತನ ಗುರುತಾಯಿತು. 1959ರಲ್ಲಿ ತನ್ನದೇ ತಂಡದ ಆಲ್ಬಂ ಬಂದಾಗ ಆತನಿಗೆ 36 ವರ್ಷ. 1967ರಲ್ಲಿ ಜನಪ್ರಿಯ ಹಾಡುಗಳ ಧಾಟಿಗಳನ್ನು ಮೆಲುವಾಗಿ ನುಡಿಸಿದ ಆಲ್ಬಂ ತಂದಾಗ ಜನ ಮುಗಿಬಿದ್ದು ಕೊಂಡರು. ವಿಮರ್ಶಕರಲ್ಲಿ ಹಲವರು ಮುಖ ಸಿಂಡರಿಸಿದರು. ಕೈ ಅದೇ, ಹೆಬ್ಬೆರಳು ಅದೇ. ಬದಲಾದದ್ದು ಬಗೆ. ಬಗೆ ಹಿಡಿಸದವರು ಕೈಯನ್ನೂ ಸೇರಿಸಿ ಬೈದರು.

ದೊಡ್ಡಪ್ಪನವರು ಮಾಡಿದ್ದೂ ಇದನ್ನೇ. 'ನನಗೆ ಈ ಬಗೆ ಸೇರೋದಿಲ್ಲ' ಅನ್ನುವುದು ಅವರ ಹಕ್ಕು. 'ನೀನು ಸರಿಯಾಗಿ ನುಡಿಸಿಲ್ಲ' ಅನ್ನುವುದು ಬೇರೆಯೇ ಮಾತು; ಅದನ್ನು ಹೇಳಬೇಕಾದರೆ ಎಲ್ಲಿ ಸರಿಯಿಲ್ಲ ಅಂತ ಬೆರಳಿಟ್ಟು ತೋರಿಸಬೇಕು. ಮೇಷ್ಟ್ರ ಪ್ರಶ್ನೆಯೂ ಅಂಥದ್ದೇ. ಗಮಕ ನಮ್ಮ ಸಂಗೀತದ ಪ್ರಾಣ, ನಿಜ. ಆದರೆ ಇಡ್ಲಿಯ ಎದುರು ಕೂತು 'ಗರಿಗರಿ ಇಲ್ಲವಲ್ಲ' ಅಂದರೆ ಹೇಗೆ?

ನಯವಾಗಿ ನುಡಿಸುವುದು ಸುಲಭ ಅಂದುಕೊಳ್ಳಬೇಡಿ. ತಿಳಿಸಾರು ಮಾಡಿ ನೋಡಿದವರಿಗೆ ಇದು ಗೊತ್ತು. ಮಸಾಲೆ ಹುಳಿಯಲ್ಲಿ ಒಂದು ಚೂರು ಹೆಚ್ಚುಕಡಿಮೆ ಆದರೂ ಮುಚ್ಚಿಹೋಗುತ್ತದೆ. ತಿಳಿಸಾರಿಗೆ ಉಪ್ಪು ಎರಡು ಹರಳು ಹೆಚ್ಚು ಬಿದ್ದರೆ ಮೊದಲ ಗುಟುಕಿಗೇ ತಿಳಿಯುತ್ತದೆ. ಗಿಟಾರೂ ಹಾಗೇ. ಬಿರುಸಿನ ನಡೆಯಲ್ಲಿ ಒಂದು ಸ್ವರ ತಪ್ಪಿದರೆ ಹಿಂದೆಯೇ ಬರುವ ಹತ್ತು ಸ್ವರಗಳಲ್ಲಿ ಅಡಗಿಬಿಡುತ್ತದೆ. ನಿಧಾನದ ನಡೆಯಲ್ಲಿ ಎಡಗೈ ಬೆರಳು ತಂತಿಯನ್ನು ಸರಿಯಾಗಿ ಒತ್ತದಿದ್ದರೆ 'ಝುಂಯ್' ಅನ್ನುವ ಅಪಸ್ವರ, ಬೆರಳು ಜಾರಿದರೆ ಕಿರ್ರ್ ಅನ್ನುವ ಸದ್ದು, ಎಲ್ಲ ಬಯಲಾಗುತ್ತದೆ. ಬೆರಳ ತುದಿ ನೊಂದು, ಗಟ್ಟಿಯಾಗಿ, ದಡ್ಡುಗಟ್ಟಿದ ಮೇಲೇ ಆ ನಯ ಬರೋದು.

ಅತ್ತಿಗೆಯವರ 'ಸೂಪರ್' ಬಗ್ಗೆ ಒಂದು ಮಾತು. ಅದು ಪ್ರೀತಿ, ಒಪ್ಪಿಕೊಳ್ಳಿ. ಅಭಿಪ್ರಾಯ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಕೇಳದೆ ಹೊಗಳಿದ್ದು ನುಡಿಸಿದವರಿಗೆ ಗೊತ್ತಾಗಿಯೇ ಆಗುತ್ತದೆ. ಆಮೇಲೆ ಕೇಳಿ ಹೊಗಳಿದವರ ಮಾತನ್ನೂ ನಂಬಲು ಅವಳು ಹಿಂಜರಿಯುತ್ತಾಳೆ. ಅಜ್ಜಿಗೆ ನಿದ್ದೆ ಬಂತಲ್ಲ, ಎಷ್ಟನೆಯದಕ್ಕೆ ಬಂತು ಅಂತ ಕೇಳಿ ನೋಡಿ. ಮೊದಲನೆಯದಕ್ಕೇ ಆದರೆ ಅದು ಮಧ್ಯಾಹ್ನದ ಊಟದ ಪ್ರಭಾವ! ಐದನೆಯದಕ್ಕೆ ಆದರೆ ಲಾಲಿ ಹಾಡಿದ ಹಾಗೆ. ಅದಕ್ಕಿಂತ ಬಹುಮಾನ ಬೇಕೆ?

ಉಳಿದದ್ದು ಪಕ್ಕದ ಮನೆಯಾಕೆಯ ಮಾತು. ತಂಗೀ, ನಂಬಬೇಕಾದ್ದು ಇದನ್ನು. ಆಕೆಗೆ ಜಾಝ್ ಅಂದರೇನು ಗೊತ್ತಿಲ್ಲದಿರಬಹುದು. ಕೈಯಲ್ಲಿ ಜೋಳದ ತೆನೆ ಇತ್ತು, ಆದರೂ ಆರನ್ನೂ ಕೇಳಿದ್ದಾಳೆ. ತನಗೆ ಏನಾಯಿತು, ಎಲ್ಲಿ ಆಯಿತು ಹೇಳಿದ್ದಾಳೆ. ಒಂದು ಮೆಚ್ಚುಗೆ, ಒಂದು ಕೊರತೆ, ಎರಡಕ್ಕೂ ಜಾಗ ತೋರಿಸಿದ್ದಾಳೆ. ಕೆಲಸ ಮಾಡುತ್ತಾ ಕೇಳುವುದನ್ನು ಅರೆಗಿವಿ ಅಂತ ಹಂಗಿಸುವವರಿಗೆ ಆಕೆಯೇ ಉತ್ತರ. ನಿಮ್ಮ ಮಗಳಿಗೆ ಆ ಮಾತನ್ನು ಇದ್ದ ಹಾಗೇ ತಿಳಿಸಿ. ಎರಡನೆಯದರಲ್ಲಿ ಆ ಮೌನ ಹೇಗೆ ಬಂತು, ಆರನೆಯದು ಯಾಕೆ ಅದರಂತಾಯಿತು ಅಂತ ಅವಳೇ ಯೋಚಿಸಲಿ. 'ಅಟ್ಟದಿಂದ ತೆಗೆ' ಅಂತ ಒತ್ತಾಯ ಮಾಡಬೇಡಿ, ನೀವೇ ಇಳಿಸಲೂ ಹೋಗಬೇಡಿ.

ಓದುಗರೇ, ನಿಮ್ಮ ಬಳಗದಲ್ಲಿ ಯಾರಾದರೂ ಚೊಚ್ಚಲು ಹಾಡು, ಚೊಚ್ಚಲು ಆಲ್ಬಂ ತಂದರೆ ಇಷ್ಟು ಮಾಡಿ:

ಒಂದು, ಕೊನೆಯವರೆಗೆ ಕೇಳಿ. ಸಮಯ ಇಲ್ಲದಿದ್ದರೆ 'ಇನ್ನೂ ಕೇಳಿಲ್ಲ ಕಣಮ್ಮ' ಅಂತ ನಿಜ ಹೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎರಡು, ಒಮ್ಮೆ ಕೆಲಸದ ನಡುವೆ ಕೇಳಿ, ಇನ್ನೊಮ್ಮೆ ಸುಮ್ಮನೆ ಕೂತು ಕೇಳಿ. ವಾರ ಬಿಟ್ಟು ಯಾವ ಧಾಟಿ ತಾನಾಗಿ ಬಾಯಿಗೆ ಬರುತ್ತದೆ ಗಮನಿಸಿ.

ಮೂರು, ಮೆಚ್ಚಿದ ಒಂದು ಜಾಗ, ಸಾಲದು ಅನ್ನಿಸಿದ ಒಂದು ಜಾಗ ಗುರುತಿಸಿ ಹೇಳಿ. ಮೆಚ್ಚಿದ್ದನ್ನು ಎಲ್ಲರ ಮುಂದೆ, ಕೊರತೆಯನ್ನು ಅವಳೊಬ್ಬಳಿಗೆ.

ನಾಲ್ಕು, 'ಇದರಿಂದ ಹೊಟ್ಟೆ ತುಂಬುತ್ತಾ?' ಅನ್ನುವ ಪ್ರಶ್ನೆ ಬೇರೆ ದಿನಕ್ಕಿರಲಿ. ಅದು ಕೇಳಬಾರದ ಪ್ರಶ್ನೆಯೇನಲ್ಲ, ಆದರೆ ಸಂಗೀತದ ಅಭಿಪ್ರಾಯ ಅಲ್ಲ.

ಇಷ್ಟು ಮಾಡಿದ ಮೇಲೂ ಹಿಡಿಸದಿದ್ದರೆ ಹಿಡಿಸಲಿಲ್ಲ ಅನ್ನಿ. ಪೂರ್ತಿ ಕೇಳಿದವರು ಹೇಳಿದರೆ ಆ ಮಾತೂ ಉಪಕಾರವೇ. ಏನಂತೀರಿ? ನಿಮ್ಮ ಮನೆಯಲ್ಲಿ ಹೀಗೆ ಆದದ್ದಿದ್ದರೆ ಬರೆದು ತಿಳಿಸಿ.