ಪಾಠಯೋಜನೆಯಲ್ಲಿ ಮನೆಮಾತಿಗೆ ಒಂದು ಸಾಲು

ಕಳೆದ ವರ್ಷದ ಬೋಧನಾಭ್ಯಾಸದಲ್ಲಿ ಒಬ್ಬ ಪ್ರಶಿಕ್ಷಣಾರ್ಥಿಗೆ ನಾನು ಎರಡು ಅಂಕ ಕಡಿಮೆ ಕೊಟ್ಟೆ. ಕೊಡಬಾರದಿತ್ತು ಎಂದು ಈಗ ಅನಿಸುತ್ತದೆ.

ವಿಜಯಪುರ ಜಿಲ್ಲೆಯ ಒಂದು ಲಂಬಾಣಿ ತಾಂಡಾದ ಶಾಲೆ; ಒಂದನೇ ತರಗತಿಯ ಇಂಗ್ಲಿಷ್ ಪಾಠ. "ವಾಟ್ ಈಸ್ ಯುವರ್ ನೇಮ್?" ಎಂದು ಕೇಳಿ, "ನೇಮ್ ಎಂದರೆ ಹೆಸರು" ಎಂದು ಅವರು ವಿವರಿಸಿದರು. ಮುಂದೆ ಕುಳಿತಿದ್ದ ಹುಡುಗಿ ಸುಮ್ಮನೆ ನೋಡುತ್ತಿದ್ದಳು. ಪ್ರಶಿಕ್ಷಣಾರ್ಥಿಯೂ ತಾಂಡಾದವರೇ. ಬಗ್ಗಿ ಲಂಬಾಣಿಯಲ್ಲಿ ಕೇಳಿದರು. "ನೇಮ್... ನಾಮ್!" ಎಂದು ಮಗು ನಕ್ಕಿತು, ಹೆಸರು ಹೇಳಿತು. ನಾನು ವೀಕ್ಷಣಾ ನಮೂನೆಯಲ್ಲಿ "ಅನ್ಯಭಾಷೆ ಬಳಸಬಾರದು" ಎಂದು ಬರೆದೆ. ಪಾಠದ ನಂತರದ ಚರ್ಚೆಯಲ್ಲಿ ಅವರು ಕೇಳಿದ್ದು ಒಂದೇ ಮಾತು: "ಸರ್, ಆ ಮಗುವಿಗೆ ಕನ್ನಡವೂ ಅನ್ಯಭಾಷೆಯೇ ಅಲ್ಲವೇ?"

ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಕನ್ನಡ ಮನೆಮಾತಿನ ಮಗುವಿಗೆ ಅದು ಎರಡನೆಯ ಭಾಷೆ. ತಾಂಡಾದ ಮಗುವಿಗೆ ಮೂರನೆಯದು. ಅದನ್ನು ಕಲಿಸುವುದು ಇನ್ನೂ ಪೂರ್ತಿ ಬಾರದ ಎರಡನೆಯ ಭಾಷೆಯ ಮೂಲಕ. ಅರ್ಥವಾಗದೇ ಇದ್ದದ್ದು ಕನ್ನಡದ ವಿವರಣೆ. ನಾವು ದಾಖಲಿಸುವುದು "ಇಂಗ್ಲಿಷ್‌ನಲ್ಲಿ ಹಿಂದುಳಿದಿದೆ" ಎಂದು. ರೋಗ ಒಂದು, ಪರಿಹಾರ ಬೋಧನೆ ಇನ್ನೊಂದಕ್ಕೆ!

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಒದಗಿಸಲು ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವೆಡೆ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತನ್ನು ಬೋಧನಾ ಮಾಧ್ಯಮವಾಗಿಸಲು ಸೂಚಿಸುತ್ತದೆ. ಆದರೆ 2011ರ ಜನಗಣತಿಯಲ್ಲಿ ಲಂಬಾಣಿಯನ್ನು ಹಿಂದಿಯಡಿ ಸೇರಿಸಿ ಎಣಿಸಲಾಗಿದೆ. ನಮ್ಮ ಪಾಠಯೋಜನೆಯಲ್ಲಂತೂ ಅದಕ್ಕೆ ಜಾಗವೇ ಇಲ್ಲ.

ಇಲ್ಲಿ ಒಂದು ಆಕ್ಷೇಪ ಸಹಜ. ಮನೆಯಲ್ಲಿ ಇಂಗ್ಲಿಷ್ ಕೇಳದ ಮಗುವಿಗೆ ಶಾಲೆಯಲ್ಲಾದರೂ ಹೆಚ್ಚು ಇಂಗ್ಲಿಷ್ ಕೇಳಿಸಬೇಡವೇ? ಬೇಕು, ಖಂಡಿತ ಬೇಕು. ಅದಕ್ಕಾಗಿಯೇ ನಾನು ಹೇಳುವುದು. ಮನೆಮಾತಿನ ಒಂದು ಪದದಿಂದ ಅರ್ಥ ಮುಟ್ಟಿದರೆ, ಹತ್ತು ನಿಮಿಷದ ಕನ್ನಡ ವಿವರಣೆ ಉಳಿಯುತ್ತದೆ. ಆ ಹತ್ತು ನಿಮಿಷ ಮಕ್ಕಳು ಪರಸ್ಪರ ಇಂಗ್ಲಿಷ್‌ನಲ್ಲಿ ಹೆಸರು ಕೇಳಲಿ, ಹೇಳಲಿ.

"ನಮಗೆ ಲಂಬಾಣಿ ಬರುವುದಿಲ್ಲ" ಎನ್ನುವವರು ಪೂರ್ತಿ ಭಾಷೆ ಕಲಿಯಬೇಕಿಲ್ಲ. ಪಾಠದ ಐದಾರು ಪದಗಳಿಗೆ ಮನೆಯಲ್ಲಿ ಏನೆನ್ನುತ್ತಾರೆಂದು ಮಕ್ಕಳನ್ನೇ ಕೇಳಬಹುದು. ನೀರಿಗೆ "ಪಾಣಿ" ಎಂದು ಮಗು ಗುರುವಿಗೆ ಕಲಿಸಿದ ದಿನ, ಅದು "ವಾಟರ್" ಎನ್ನಲೂ ಹೆದರುವುದಿಲ್ಲ.

ಆದ್ದರಿಂದ ನನ್ನ ಸಲಹೆ ಚಿಕ್ಕದು. ಪಾಠಯೋಜನೆಯ 'ಪೂರ್ವಜ್ಞಾನ'ದ ಕೆಳಗೆ 'ಮಕ್ಕಳ ಮನೆಮಾತು' ಎಂಬ ಒಂದು ಸಾಲು ಸೇರಿಸೋಣ. ಅದನ್ನು ಬಳಸಿದವರಿಗೆ ವೀಕ್ಷಣಾ ನಮೂನೆಯಲ್ಲಿ ಅಂಕ ಕೊಡೋಣ. ನಾನು ಕಳೆದ ಆ ಎರಡು ಅಂಕಗಳನ್ನು ಈಗ ಹಿಂದಿರುಗಿಸಲಾರೆ. ಮುಂದಿನ ತಂಡಕ್ಕೆ ಆ ತಪ್ಪು ಆಗದಿರಲಿ.