ಬಿದ್ದ ಜಾಗ ಬೇರೆ, ಬಂದ ದಾರಿ ಬೇರೆ

ಆರಿದ್ರಾ ಮಳೆ ಹಿಡಿದ ಮೂರನೆಯ ದಿನ ನಮ್ಮ ಹಳೆಯ ವ್ಯಾನಿನ ಬಾಗಿಲು ತೆಗೆದರೆ ಒದ್ದೆ ಗೋಣಿಚೀಲದ ವಾಸನೆ ಮೂಗಿಗೆ ಹೊಡೆಯಿತು. ಹಿಂದಿನ ಸೀಟಿನ ಬುಡದ ಮ್ಯಾಟ್ ಎತ್ತಿದೆ. ಕೆಳಗೆ ನೀರು ನಿಂತಿತ್ತು. 2006ರಲ್ಲಿ ಕೊಂಡ ಗಾಡಿ; ಅಡಿಕೆ ಮೂಟೆಯಿಂದ ಹಿಡಿದು ಮದುವೆ ದಿಬ್ಬಣದವರೆಗೆ ಎಲ್ಲವನ್ನೂ ಹೊತ್ತಿದೆ. ಈಗ ತಿಂಗಳಿಗೊಮ್ಮೆ ಅಮ್ಮನನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ಯುವುದೇ ಅದರ ಮುಖ್ಯ ಕೆಲಸ.

ಹಿಂದಿನ ವರ್ಷವೂ ಹೀಗೇ ಆಗಿತ್ತು. ಆಗ ನಾನೇ ರಿಪೇರಿಗೆ ಇಳಿದಿದ್ದೆ. ಬಾಗಿಲಿನ ಕೆಳ ಅಂಚಿನಲ್ಲಿ ಸಣ್ಣ ತೂತುಗಳು ಕಂಡವು. ಕಳ್ಳ ಸಿಕ್ಕಿದನೆಂದು ಹಿಗ್ಗಿ, ಅಂಗಡಿಯಿಂದ ಸಿಲಿಕೋನ್ ಟ್ಯೂಬು ತಂದು ಎಲ್ಲವನ್ನೂ ಮುಚ್ಚಿಬಿಟ್ಟೆ. ವಾರ ಕಳೆದು ಬಾಗಿಲು ಎಳೆದರೆ ಕೊಡದಲ್ಲಿ ನೀರು ಕುಲುಕಿದ ಸದ್ದು! ಕಿಟಕಿಯ ಗಾಜಿನ ಸಂದಿಯಿಂದ ಬಾಗಿಲಿನ ಹೊಟ್ಟೆಗೆ ಸ್ವಲ್ಪ ನೀರು ಇಳಿಯುವುದು ಸಹಜ. ಅದು ಹೊರಗೆ ಹೋಗಲೆಂದೇ ಆ ತೂತುಗಳನ್ನು ಇಟ್ಟಿರುತ್ತಾರೆ. ಮನೆಯ ಬಚ್ಚಲ ಕಿಂಡಿಗೆ ಬಟ್ಟೆ ತುರುಕಿ ನೆಲ ಒದ್ದೆಯಾಯಿತೆಂದು ಗೊಣಗುವವನಿಗೂ ನನಗೂ ವ್ಯತ್ಯಾಸವಿರಲಿಲ್ಲ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನ ಕಥೆ ಇದು.

ಈ ಸಲ ನಮ್ಮೂರ ಟಿಂಕರಿಂಗ್ ಸಾಹೇಬರನ್ನು ಕರೆದೆ. ಅವರು ಮ್ಯಾಟ್ ತೆಗೆದು, ಸ್ಕ್ರೂಡ್ರೈವರಿನ ತುದಿಯನ್ನು ಸೀಟಿನ ಬೋಲ್ಟಿನ ಪಕ್ಕದಲ್ಲಿ ಮೆಲ್ಲಗೆ ಒತ್ತಿದರು. ಹಪ್ಪಳ ಮುರಿದ ಹಾಗೆ ತಗಡು ಮುರಿದು ತುದಿ ಆಚೆ ಹೋಯಿತು.

"ಮೇಷ್ಟ್ರೇ, ಅಮ್ಮೋರು ಕೂರೋ ಸೀಟು ಇದೇ ಅಲ್ವಾ?" ಎಂದರು.

ನಾನು ಉತ್ತರ ಕೊಡಲಿಲ್ಲ. ಗಾಡಿಯ ನೆಲದ ತಗಡು ಒಂದು ಮಿಲಿಮೀಟರಿನ ಆಸುಪಾಸಿನದು. ಸೀಟಿನ ಬೋಲ್ಟೂ ಬೆಲ್ಟಿನ ಬೋಲ್ಟೂ ನೆಚ್ಚಿಕೊಂಡಿರುವುದು ಅದನ್ನೇ. ಸೋರಿಕೆಯೆಂದರೆ ವಾಸನೆ, ಬೂಷ್ಟು, ಕಾಲು ಒದ್ದೆ ಎಂದಷ್ಟೇ ಎಣಿಸಿದ್ದೆ. ಗಟ್ಟಿಯಾಗಿ ಬ್ರೇಕ್ ಹಾಕಿದ ದಿನ ಆ ಸೀಟು ಏನಾಗುತ್ತಿತ್ತೆಂದು ಯೋಚಿಸಿರಲಿಲ್ಲ.

"ಮೊದಲು ನೀರು ಬರೋ ದಾರಿ ಹುಡುಕಿ. ಆಮೇಲೆ ನಾನು ವೆಲ್ಡಿಂಗ್ ಮಾಡ್ತೀನಿ. ಇಲ್ಲದಿದ್ರೆ ಹೊಸ ತಗಡೂ ಹೀಗೇ ಹೋಗುತ್ತೆ" ಎಂದು ಸಾಹೇಬರು ಹೊರಟರು.

ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ವ್ಯಾನಿನ ತಾರಸಿ 3 ಚದರ ಮೀಟರ್ ಎಂದಿಟ್ಟುಕೊಳ್ಳಿ. ತೀರ್ಥಹಳ್ಳಿ, ಆಗುಂಬೆಯ ಕಡೆ ದಿನಕ್ಕೆ 100 ಮಿಲಿಮೀಟರ್ ಮಳೆ ದೊಡ್ಡ ಸುದ್ದಿಯಲ್ಲ. ಅಂದರೆ ಆ ತಾರಸಿಯ ಮೇಲೆ ಒಂದೇ ದಿನಕ್ಕೆ 300 ಲೀಟರ್. ನೂರರಲ್ಲಿ ಒಂದು ಪಾಲು ಒಳಗೆ ಬಂದರೂ 3 ಲೀಟರ್ ಆಯಿತು.

ಈ ನೀರು ಒಳಗೆ ಬಂದ ಕಡೆಯಲ್ಲೇ ತೊಟ್ಟಿಕ್ಕುವುದಿಲ್ಲ. ಲೋಟದಿಂದ ಕಾಫಿಯನ್ನು ನಿಧಾನವಾಗಿ ಬಗ್ಗಿಸಿದರೆ ಅದು ಅಂಚಿಗೆ ಅಂಟಿಕೊಂಡು ಲೋಟದ ಹೊರಮೈ ಮೇಲೇ ಇಳಿದು ಪಂಚೆಗೆ ಬೀಳುತ್ತದಲ್ಲ, ಹಾಗೆಯೇ ನೀರು ತಗಡಿನ ಒಳಮೈಗೆ ಅಂಟಿ ಎಷ್ಟೋ ದೂರ ಸಾಗುತ್ತದೆ. ಎರಡು ಗಾಜಿನ ಚೂರುಗಳನ್ನು ಜೋಡಿಸಿ ನೀರಿಗೆ ಮುಟ್ಟಿಸಿದರೆ ನಡುವಿನ ಸಂದಿಯಲ್ಲಿ ನೀರು ತಾನಾಗಿ ಮೇಲೇರುವುದನ್ನು ಎಂಟನೇ ಕ್ಲಾಸಿನ ಹುಡುಗರಿಗೆ ತೋರಿಸುತ್ತೇನೆ. ಕೂದಲೆಳೆಯಷ್ಟು ಬಿರುಕಿಗೂ ಅದೇ ಗುಣ. ಸುಮ್ಮನೆ ಕುಳಿತೇ ನೀರನ್ನು ಒಳಗೆಳೆದುಕೊಳ್ಳುತ್ತದೆ.

ಮಳೆ ಬಿಡುವು ಕೊಟ್ಟ ಭಾನುವಾರ ಕೆಲಸಕ್ಕೆ ಕೂತೆವು. ಮೊದಲು ನನ್ನ ಸಿಲಿಕೋನನ್ನು ಕಿತ್ತು ಬಾಗಿಲಿನ ತೂತುಗಳನ್ನು ಬಿಡಿಸಿದೆ. ಒಳಗನ್ನು ಒರೆಸಿ, ಪಕ್ಕದ ಹಲಗೆಗಳನ್ನು ಕಳಚಿ, ನೆಲಕ್ಕೆ ಹಳೆಯ ಪತ್ರಿಕೆ ಹಾಸಿದೆ. ಒಂದು ಹನಿ ಬಿದ್ದರೂ ಕಾಗದದ ಬಣ್ಣ ಬದಲಾಗಿ ಗೊತ್ತಾಗುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗ್ ಪರೀಕ್ಷೆಗೆ ನಮ್ಮ ಜಾತಿಯ ಆಯುಧವೇ ಸಾಕು: ಸೀಮೆಸುಣ್ಣ. ಬೀಡಿಂಗಿನ ಉದ್ದಕ್ಕೂ ಸುಣ್ಣ ಉಜ್ಜಿ ಬಾಗಿಲು ಹಾಕಿ ತೆಗೆಯಿರಿ. ಎದುರಿನ ತಗಡಿನ ಮೇಲೆ ಬಿಳಿ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ರಬ್ಬರ್ ಮುಟ್ಟುತ್ತಿಲ್ಲ. ನಮ್ಮದರಲ್ಲಿ ಗೆರೆ ಪೂರ್ತಿಯಾಗಿತ್ತು. ಬಾಗಿಲು ನಿರಪರಾಧಿ.

ಮುಂದೆ ನೀರಿನ ಪೈಪು. ನನ್ನಾಕೆ ಟಾರ್ಚ್ ಹಿಡಿದು ಒಳಗೆ, ನಾನು ಹೊರಗೆ. ಇಲ್ಲಿ ಒಂದು ನಿಯಮ: ನೀರನ್ನು ಕೆಳಗಿನಿಂದ ಮೇಲಕ್ಕೆ ಬಿಡುತ್ತಾ ಹೋಗಬೇಕು. ಮೊದಲೇ ಮೇಲೆ ಸುರಿದರೆ ಎಲ್ಲ ಸಂದುಗಳೂ ಒಟ್ಟಿಗೆ ತೊಯ್ದು, ಯಾವುದು ಸೋರಿತೆಂದು ತಿಳಿಯುವುದಿಲ್ಲ. ರಭಸವಾಗಿಯೂ ಹೊಡೆಯಬಾರದು, ಮಳೆಯ ಹಾಗೆ ಹರಿಯಬೇಕು. ಒಂದೊಂದು ಜಾಗಕ್ಕೂ ಐದೈದು ನಿಮಿಷ. ಹಿಂದಿನ ದೀಪದ ಸುತ್ತ, ಕಿಟಕಿಗಳ ಸುತ್ತ, ಮುಂದಿನ ಗಾಜಿನ ಬುಡ, ಎಲ್ಲವೂ ಪಾಸು. ಕೊನೆಗೆ ತಾರಸಿಯ ಅಂಚಿನ ಕಾಲುವೆಗೆ ನೀರು ಬಿಟ್ಟೆ. ನಾಲ್ಕನೆಯ ನಿಮಿಷಕ್ಕೆ ಒಳಗಿನಿಂದ ಕೂಗು: "ರೀ, ಬಂತು! ಕಂಬದ ಒಳಗಿಂದ ಇಳೀತಾ ಇದೆ!"

ಎಂದೋ ಹಾಕಿಸಿದ ಕ್ಯಾರಿಯರಿನ ಹಿಡಿಕೆ ಕಾಲುವೆಯನ್ನು ಕಚ್ಚಿ ಹಿಡಿದಲ್ಲಿ ಬೆಸುಗೆಯ ಮೇಲಿನ ಸೀಲರ್ ಬಿರುಕು ಬಿಟ್ಟಿತ್ತು. ನೀರು ಅಲ್ಲಿ ನುಗ್ಗಿ, ತಾರಸಿಯ ಪಟ್ಟಿಯೊಳಗೆ ಹರಿದು, ಕಂಬದಲ್ಲಿ ಇಳಿದು ಸೀಟಿನ ಬುಡ ಸೇರುತ್ತಿತ್ತು. ಬಂದದ್ದು ತಲೆಯ ಮೇಲಿಂದ, ಕಂಡದ್ದು ಕಾಲಡಿಯಲ್ಲಿ.

ಮುಚ್ಚುವುದರಲ್ಲೂ ಅವಸರ ಸಲ್ಲದು. ಹಳೆಯ ಸೀಲರಿನ ಮೇಲೆಯೇ ಹೊಸದು ಬಳಿದರೆ ಬಿರುಕು ಕೆಳಗೆ ಹಾಗೆಯೇ ಉಳಿಯುತ್ತದೆ. ಪೂರ್ತಿ ಕೆರೆದು, ತುಕ್ಕು ಉಜ್ಜಿ, ಚೆನ್ನಾಗಿ ಒಣಗಿಸಿ, ಪ್ರೈಮರ್ ಹೊಡೆದು, ಆಮೇಲೆ ಗಾಡಿಗೆಂದೇ ಸಿಗುವ ಪಾಲಿಯುರೆಥೇನ್ ಸೀಲರ್ ಹಾಕಿ ಬಣ್ಣ ಬಳಿಯಬೇಕು. ನಾನು ಹಿಂದೆ ಬಳಸಿದ, ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ. ಅದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಬರಿಯ ಕಬ್ಬಿಣವನ್ನು ಆಮ್ಲ ಸುಮ್ಮನೆ ಬಿಟ್ಟೀತೇ? ಮೇಲಾಗಿ ಅದರ ಮೇಲೆ ಬಣ್ಣವೂ ನಿಲ್ಲುವುದಿಲ್ಲ.

ಸಾಹೇಬರು ಬಂದು ಬ್ಯಾಟರಿ ಕಳಚಿ, ಕೊಳೆತ ತಗಡನ್ನು ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಿ, ಹೊಸ ತುಂಡು ಬೆಸೆದು, ಮೇಲೆ ಕೆಳಗೆ ಎರಡೂ ಕಡೆ ಬಣ್ಣ ಹೊಡೆದರು. ಕ್ಯಾರಿಯರ್ ಈಗ ಕೊಟ್ಟಿಗೆಯಲ್ಲಿದೆ. ಮ್ಯಾಟನ್ನು ಅಂಟಿಸದೆ ಬಿಟ್ಟಿದ್ದೇನೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎತ್ತಿ ಕೈ ಆಡಿಸಿ ನೋಡುವುದು ರೂಢಿಯಾಗಿದೆ.

ನಿಮ್ಮ ಮನೆಯಲ್ಲೂ ಹಳೆಯ ಗಾಡಿಯಿದ್ದರೆ ಇಂದೇ ಮ್ಯಾಟ್ ಎತ್ತಿ ನೋಡಿ. ಮೊನ್ನೆ ಆಸ್ಪತ್ರೆಗೆ ಹೊರಟಾಗ ಅಮ್ಮ ಸೀಟಿನಲ್ಲಿ ಕುಳಿತು, ಕಾಲಿನಿಂದ ನೆಲ ತಡವಿ, "ಈ ವರ್ಷ ಮಳೆ ಕಡಿಮೆಯೇನೋ ಮಗಾ, ಕಾಲು ತಣ್ಣಗಾಗ್ತಾ ಇಲ್ಲ" ಎಂದರು. ಹೊರಗೆ ಧಾರಾಕಾರ ಸುರಿಯುತ್ತಿತ್ತು. ಇಷ್ಟು ವರ್ಷ ಅವರು ಒದ್ದೆಯಲ್ಲೇ ಕಾಲಿಟ್ಟು ಕೂತಿದ್ದರೂ ಒಂದು ಮಾತು ಹೇಳಿರಲಿಲ್ಲವೆಂದು ನನಗೆ ಆಗ ಹೊಳೆಯಿತು.